ಅಲಿ ಗೆಲ್ತಿದ್ರಾ, ಟೈಸನ್ ಗೆಲ್ತಿದ್ರಾ? ಬೇರೆ ಬೇರೆ ಕಾಲದ ಬಾಕ್ಸರ್‌ಗಳನ್ನು ಹೋಲಿಸುವುದು ಹೇಗೆ

2024ರ ಮೇ 18ರಂದು ರಿಯಾದ್‌ನಲ್ಲಿ ಉಕ್ರೇನಿನ ಒಲೆಕ್ಸಾಂಡರ್ ಉಸಿಕ್, ಬ್ರಿಟನ್ನಿನ ಟೈಸನ್ ಫ್ಯೂರಿ ಅವರನ್ನು ಸೋಲಿಸಿದರು. ಹೆವಿವೇಟ್ ಬಾಕ್ಸಿಂಗ್‌ನ ನಾಲ್ಕೂ ಮುಖ್ಯ ಬೆಲ್ಟ್‌ಗಳು, ಅಂದರೆ ನಾಲ್ಕು ಸಂಸ್ಥೆಗಳು ಕೊಡುವ ಚಾಂಪಿಯನ್ ಪಟ್ಟಗಳು, ಒಬ್ಬರ ಕೈ ಸೇರಿದ್ದು ಅದೇ ಮೊದಲು. ಡಿಸೆಂಬರ್‌ನಲ್ಲಿ ಮತ್ತೆ ಎದುರಾದಾಗಲೂ ಉಸಿಕ್ ಅವರೇ ಗೆದ್ದರು. 2025ರ ಮಾರ್ಚ್‌ನಲ್ಲಿ ಹಳೇ ಹೆವಿವೇಟ್ ಚಾಂಪಿಯನ್ ಜಾರ್ಜ್ ಫೋರ್‌ಮನ್ ತೀರಿಕೊಂಡರು. ಇಂಥ ಸುದ್ದಿ ಬಂದಾಗಲೆಲ್ಲ ಒಂದು ಹಳೇ ವಾದ ಎದ್ದು ಕೂರುತ್ತದೆ. ಉಸಿಕ್ ಅವರ ಮುಂದೆ ಮುಹಮ್ಮದ್ ಅಲಿ ನಿಂತಿದ್ದರೆ? ಅಲಿ ಮುಂದೆ ಮೈಕ್ ಟೈಸನ್? ಟೈಸನ್ ಮುಂದೆ ಜೋ ಲೂಯಿಸ್?

ಬಾಕ್ಸಿಂಗ್ ಅಷ್ಟಾಗಿ ನೋಡದವರಿಗೆ ಇದು ಸುಮ್ನೆ ಹರಟೆ ಅನ್ನಿಸಬಹುದು. ಹರಟೆಯೇ, ಸುಳ್ಳಲ್ಲ. ಆದರೆ ಈ ಹರಟೆಯಲ್ಲಿ ಸರಿಯಾಗಿ ವಾದಿಸುವ ದಾರಿಯೂ ಇದೆ, ತಪ್ಪಾಗಿ ವಾದಿಸುವ ದಾರಿಯೂ ಇದೆ. ಜಗಳ ಮುಗಿಯದೇ ಇರೋದಕ್ಕೆ ಮುಖ್ಯ ಕಾರಣ ಬಾಕ್ಸರ್‌ಗಳ ಬಗ್ಗೆ ಗೊತ್ತಿಲ್ಲದಿರುವುದಲ್ಲ. ಇಬ್ಬರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಿರುತ್ತಾರೆ, ಅದು ಅವರಿಗೇ ಗೊತ್ತಿರುವುದಿಲ್ಲ.

ಮೊದಲು ಪ್ರಶ್ನೆ ಯಾವುದು?

‘ಯಾರು ದೊಡ್ಡ ಬಾಕ್ಸರ್’ ಅನ್ನುವುದು ಒಂದು ಪ್ರಶ್ನೆ. ‘ಇಬ್ಬರೂ ಎದುರಾದರೆ ಯಾರು ಗೆಲ್ಲುತ್ತಾರೆ’ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಸಾಧನೆ ನೋಡಬೇಕು: ಎಷ್ಟು ವರ್ಷ ಚಾಂಪಿಯನ್ ಆಗಿದ್ದರು, ಯಾರನ್ನೆಲ್ಲ ಸೋಲಿಸಿದರು. ಜೋ ಲೂಯಿಸ್ 1937ರಿಂದ 1949ರವರೆಗೆ ಚಾಂಪಿಯನ್ ಆಗಿದ್ದು 25 ಬಾರಿ ಪಟ್ಟ ಉಳಿಸಿಕೊಂಡರು. ಹೆವಿವೇಟ್‌ನಲ್ಲಿ ಆ ಲೆಕ್ಕವನ್ನು ಇವತ್ತಿಗೂ ಯಾರೂ ಮುಟ್ಟಿಲ್ಲ. ಹಾಗಂತ ಆರು ಅಡಿ ಒಂಬತ್ತು ಇಂಚಿನ ಫ್ಯೂರಿ ಅವರನ್ನು ಲೂಯಿಸ್ ಹೊಡೆದು ಕೆಡವುತ್ತಿದ್ದರು ಅಂತ ಅದರಿಂದ ಹೇಳಲಾಗುವುದಿಲ್ಲ. ಸಾಧನೆಯ ಪಟ್ಟಿ ಒಂದು ರಾತ್ರಿಯ ಫೈಟ್ ಬಗ್ಗೆ ಏನೂ ಹೇಳುವುದಿಲ್ಲ.

ಎರಡನೇ ಪ್ರಶ್ನೆ ಹಿಡಿದರೂ ಅದರೊಳಗೆ ಮತ್ತೆರಡು ಕವಲು. ಹಳೆಯ ಬಾಕ್ಸರ್ ಹೇಗಿದ್ದರೋ ಹಾಗೇ ಎತ್ತಿಕೊಂಡು ಬಂದು ಇವತ್ತಿನ ರಿಂಗ್‌ನಲ್ಲಿ ನಿಲ್ಲಿಸುವುದು ಒಂದು. ಅದೇ ಮನುಷ್ಯ ಇವತ್ತಿನ ಕಾಲದಲ್ಲಿ ಹುಟ್ಟಿ, ಇವತ್ತಿನ ಊಟ, ಇವತ್ತಿನ ಜಿಮ್, ಇವತ್ತಿನ ಕೋಚ್‌ಗಳ ಕೈಯಲ್ಲಿ ಬೆಳೆದಿದ್ದರೆ ಅಂತ ಊಹಿಸುವುದು ಇನ್ನೊಂದು. ಮೊದಲನೆಯದರಲ್ಲಿ ಹೊಸಬರಿಗೆ ಅನುಕೂಲ. ಎರಡನೆಯದರಲ್ಲಿ ಹಳಬರಿಗೂ ಅವಕಾಶ ಇದೆ, ಆದರೆ ಅಲ್ಲಿ ನಾವು ಮಾತಾಡುತ್ತಿರುವುದು ಎಂದೂ ಇರದಿದ್ದ ಮನುಷ್ಯನ ಬಗ್ಗೆ. ಒಬ್ಬರು ಮೊದಲನೆಯದನ್ನೂ ಇನ್ನೊಬ್ಬರು ಎರಡನೆಯದನ್ನೂ ಮನಸ್ಸಿನಲ್ಲಿಟ್ಟುಕೊಂಡು ಕೂತರೆ ಬೆಳಗಾದರೂ ವಾದ ಮುಗಿಯುವುದಿಲ್ಲ.

ಯಾವ ವರ್ಷದ ಅಲಿ?

ಬಾಕ್ಸಿಂಗ್ ಮಾತಿನಲ್ಲಿ ‘ಪ್ರೈಮ್’ ಅನ್ನುವ ಪದ ಮತ್ತೆ ಮತ್ತೆ ಬರುತ್ತದೆ. ಒಬ್ಬ ಬಾಕ್ಸರ್‌ನ ವೇಗ, ಬಲ, ಅನುಭವ ಮೂರೂ ಒಟ್ಟಿಗೆ ಚೆನ್ನಾಗಿರುವ ಕಾಲ ಅದು. ಕೆಲವರಿಗೆ ಅದು ಬಹಳ ಚಿಕ್ಕದು. ಟೈಸನ್ 1986ರಲ್ಲಿ 20ನೇ ವಯಸ್ಸಿಗೇ ಚಾಂಪಿಯನ್ ಆದರು. 1988ರ ಜೂನ್‌ನಲ್ಲಿ, ಅಲ್ಲಿಯವರೆಗೆ ಸೋಲನ್ನೇ ಕಾಣದಿದ್ದ ಮೈಕಲ್ ಸ್ಪಿಂಕ್ಸ್ ಅವರನ್ನು 91 ಸೆಕೆಂಡಿನಲ್ಲಿ ಮುಗಿಸಿದರು. 1990ರ ಫೆಬ್ರವರಿಯಲ್ಲಿ ಟೋಕಿಯೊದಲ್ಲಿ, ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳದಿದ್ದ ಬಸ್ಟರ್ ಡಗ್ಲಸ್ ಅವರಿಂದ ನಾಕೌಟ್ ಆದರು. ನಡುವೆ ಎರಡು ವರ್ಷವೂ ಇಲ್ಲ! ‘ಟೈಸನ್’ ಅಂದಾಗ ಅಭಿಮಾನಿಗಳು 1988ರವರನ್ನು ನೆನೆಯುತ್ತಾರೆ, ಆಗದವರು 1990ರವರನ್ನು ಎತ್ತಿ ತೋರಿಸುತ್ತಾರೆ.

ಅಲಿ ವಿಷಯ ಇನ್ನೂ ಸಿಕ್ಕುಸಿಕ್ಕು. 1966ರ ನವೆಂಬರ್‌ನಲ್ಲಿ ಹ್ಯೂಸ್ಟನ್‌ನಲ್ಲಿ ಕ್ಲೀವ್‌ಲ್ಯಾಂಡ್ ವಿಲಿಯಮ್ಸ್ ಎದುರು ಆಡಿದ ಅಲಿ, ಹೆವಿವೇಟ್‌ನಲ್ಲಿ ಯಾರೂ ಕಾಣದಷ್ಟು ವೇಗದ ಮನುಷ್ಯ. ಮರುವರ್ಷ ಸೈನ್ಯಕ್ಕೆ ಸೇರಲು ಒಪ್ಪದ್ದಕ್ಕೆ ಪಟ್ಟ ಹೋಯಿತು, ಲೈಸೆನ್ಸ್ ಹೋಯಿತು. 1970ರ ಅಕ್ಟೋಬರ್‌ವರೆಗೆ ರಿಂಗ್ ಇಲ್ಲ. ವಾಪಸ್ ಬಂದವರು ಬೇರೆಯೇ ಬಾಕ್ಸರ್. ಕಾಲು ಮೊದಲಿನಂತೆ ಓಡುವುದಿಲ್ಲ, ಆದರೆ ಏಟು ತಿಂದು ನಿಲ್ಲುವ ಗಟ್ಟಿತನ, ಎದುರಾಳಿಯ ತಲೆಯೊಳಗೆ ಹೊಕ್ಕು ಆಡುವ ಜಾಣತನ ಜಾಸ್ತಿ ಆಗಿತ್ತು. ಫ್ರೇಜಿಯರ್, ಫೋರ್‌ಮನ್ ಜೊತೆಗಿನ ದೊಡ್ಡ ಕಾಳಗಗಳೆಲ್ಲ ಈ ಎರಡನೇ ಅಲಿಯವು. ಹೆಸರಿನ ಪಕ್ಕ ಒಂದು ಇಸವಿ ಬರೆಯದೆ ವಾದಕ್ಕೆ ಇಳಿಯಬಾರದು.

ಮೈಗಾತ್ರದ ಲೆಕ್ಕ

ಬಾಕ್ಸಿಂಗ್‌ನಲ್ಲಿ ತೂಕದ ಪ್ರಕಾರ ವಿಭಾಗಗಳಿವೆ. ಹೆವಿವೇಟ್ ಎಲ್ಲಕ್ಕಿಂತ ಮೇಲಿನದು, ಅದಕ್ಕೆ ಮೇಲ್ಮಿತಿ ಇಲ್ಲ. ಕೆಳಮಿತಿ ಮಾತ್ರ ಕಾಲಕಾಲಕ್ಕೆ ಬದಲಾಗಿದೆ. ಮೊದಲು 175 ಪೌಂಡ್, ಅಂದರೆ ಸುಮಾರು 79 ಕೆ.ಜಿ. ದಾಟಿದವರೆಲ್ಲ ಹೆವಿವೇಟ್. 1980ರ ಹೊತ್ತಿಗೆ ನಡುವೆ ಕ್ರೂಸರ್‌ವೇಟ್ ಅನ್ನುವ ವಿಭಾಗ ಬಂತು. ಅದರ ಮಿತಿ ಈಗ 200 ಪೌಂಡ್, ಸುಮಾರು 91 ಕೆ.ಜಿ.

ಇದರ ಪರಿಣಾಮ ನೋಡಿ. 49 ಫೈಟ್‌ಗಳಲ್ಲಿ ಒಂದನ್ನೂ ಸೋಲದೆ ನಿವೃತ್ತರಾದ ರಾಕಿ ಮಾರ್ಸಿಯಾನೊ ಸುಮಾರು 85 ಕೆ.ಜಿ. ಇದ್ದರು. 1919ರಲ್ಲಿ ಚಾಂಪಿಯನ್ ಆದ ಜಾಕ್ ಡೆಂಪ್ಸಿ ಕೂಡ ಅಷ್ಟೇ. 1938ರಲ್ಲಿ ಮ್ಯಾಕ್ಸ್ ಶ್ಮೆಲಿಂಗ್ ಅವರನ್ನು ಮೊದಲ ರೌಂಡ್‌ನಲ್ಲೇ ಮುಗಿಸಿದ ದಿನ ಜೋ ಲೂಯಿಸ್ ತೂಗಿದ್ದು 199 ಪೌಂಡ್‌ಗಿಂತ ತುಸು ಕಡಿಮೆ. ಇವತ್ತಿನ ಪಟ್ಟಿಯಲ್ಲಿ ಈ ಮೂವರೂ ಕ್ರೂಸರ್‌ವೇಟ್. ಅದೇ ಫ್ಯೂರಿ 2024ರ ಡಿಸೆಂಬರ್‌ನಲ್ಲಿ 127 ಕೆ.ಜಿ. ಇದ್ದರು.

ತೂಕ ಜಾಸ್ತಿ ಇದ್ದರೆ ಪಂಚ್ ಭಾರವಾಗುತ್ತದೆ, ಇದು ಎಲ್ಲರಿಗೂ ಗೊತ್ತು. ಕಣ್ಣಿಗೆ ಬೀಳದ ಇನ್ನೊಂದು ಲಾಭ ಇದೆ. ದೊಡ್ಡ ಮನುಷ್ಯ ಚಿಕ್ಕವನನ್ನು ಹತ್ತಿರ ಸೇರಿಸಿ ತಬ್ಬಿ ಹಿಡಿದು, ತನ್ನ ಭಾರವನ್ನೆಲ್ಲ ಅವನ ಕುತ್ತಿಗೆ ಮೇಲೆ ಹಾಕುತ್ತಾನೆ. ಬಾಕ್ಸಿಂಗ್‌ನಲ್ಲಿ ಇದಕ್ಕೆ ಕ್ಲಿಂಚ್ ಅನ್ನುತ್ತಾರೆ. ನೋಡುವವರಿಗೆ ಬೇಜಾರು. ಸಿಕ್ಕಿಕೊಂಡವನಿಗೆ ನಾಲ್ಕೈದು ರೌಂಡ್‌ಗಳಲ್ಲಿ ತೊಡೆಯ ಬಲವೇ ಇಳಿದುಹೋಗುತ್ತದೆ. ಆರು ಅಡಿ ಆರು ಇಂಚಿನ ವ್ಲಾದಿಮಿರ್ ಕ್ಲಿಚ್ಕೊ ಒಂಬತ್ತು ವರ್ಷಕ್ಕೂ ಹೆಚ್ಚು ಕಾಲ ಪಟ್ಟ ಉಳಿಸಿಕೊಂಡದ್ದರಲ್ಲಿ ಉದ್ದನೆಯ ಜ್ಯಾಬ್‌ನಷ್ಟೇ ಪಾಲು ಈ ಕ್ಲಿಂಚ್‌ಗೂ ಇದೆ. ಜ್ಯಾಬ್ ಅಂದರೆ ಮುಂದಿನ ಕೈಯಿಂದ ನೇರವಾಗಿ ಚುಚ್ಚಿದಂತೆ ಹೊಡೆಯುವ ಪಂಚ್.

ತೋಳಳತೆ, ಅಂದರೆ ರೀಚ್, ಬಗ್ಗೆ ಒಂದು ಎಚ್ಚರಿಕೆ. ಫ್ಯೂರಿ ಅವರ ರೀಚ್ 85 ಇಂಚು, ಮಾರ್ಸಿಯಾನೊ ಅವರದು 67-68. ಹದಿನೇಳು ಇಂಚು ವ್ಯತ್ಯಾಸ ಅಂತ ಕೇಳಿದ ತಕ್ಷಣ, ಪಾಪ ಮಾರ್ಸಿಯಾನೊ ಕೈ ಚಾಚಿದರೂ ಒಂದೂವರೆ ಅಡಿ ದೂರವೇ ಉಳಿಯುತ್ತದೆ ಅನ್ನಿಸುತ್ತದೆ. ಹಾಗಲ್ಲ. ಎರಡೂ ಕೈಗಳನ್ನು ಪಕ್ಕಕ್ಕೆ ಚಾಚಿ ಈ ಬೆರಳತುದಿಯಿಂದ ಆ ಬೆರಳತುದಿಯವರೆಗೆ ಅಳೆಯುವುದು ರೀಚ್. ಎರಡು ತೋಳು, ಎದೆಯ ಅಗಲ ಎಲ್ಲ ಸೇರಿ ಬಂದ ಸಂಖ್ಯೆ ಅದು. ಒಂದು ಕೈಗೆ ಬರುವ ವ್ಯತ್ಯಾಸ ಹೆಚ್ಚೆಂದರೆ ಎಂಟು-ಒಂಬತ್ತು ಇಂಚು. ಅದೂ ಕಡಿಮೆಯೇನಲ್ಲ, ಆದರೆ ತಲೆ ತಗ್ಗಿಸಿ ಒಳಗೆ ನುಗ್ಗುವುದನ್ನೇ ಕಸುಬು ಮಾಡಿಕೊಂಡವನಿಗೆ ದಾಟಲಾಗದ ದೂರವೂ ಅಲ್ಲ.

ಗಾತ್ರವೇ ಎಲ್ಲ ಅನ್ನುವವರಿಗೆ ಇತಿಹಾಸ ಬೇಕಾದಷ್ಟು ಉತ್ತರ ಕೊಡುತ್ತದೆ. ಡೆಂಪ್ಸಿ 1919ರಲ್ಲಿ ತನಗಿಂತ 26 ಕೆ.ಜಿ. ಹೆಚ್ಚಿದ್ದ ಜೆಸ್ ವಿಲ್ಲರ್ಡ್ ಅವರನ್ನು ಮೊದಲ ರೌಂಡ್‌ನಲ್ಲೇ ಏಳು ಸಲ ಕೆಡವಿದರು. ಲೂಯಿಸ್ 1935ರಲ್ಲಿ ದೈತ್ಯ ಪ್ರಿಮೊ ಕಾರ್ನೆರಾ ಅವರನ್ನು ಆರನೇ ರೌಂಡ್‌ಗೆ ಮುಗಿಸಿದರು. ಕ್ರೂಸರ್‌ವೇಟ್‌ನಿಂದ ಮೇಲೆ ಬಂದ ಉಸಿಕ್, ಫ್ಯೂರಿ ಅವರನ್ನು ಎರಡು ಸಲ ಸೋಲಿಸಿದರು. ಆದರೆ ಒಂದು ವ್ಯತ್ಯಾಸ ಮರೆಯಬಾರದು. ವಿಲ್ಲರ್ಡ್, ಕಾರ್ನೆರಾ ದೊಡ್ಡವರಾಗಿದ್ದರು, ಅಷ್ಟೇ. ಫ್ಯೂರಿ, ಕ್ಲಿಚ್ಕೊ ದೊಡ್ಡವರೂ ಹೌದು, ಆಟ ಬಲ್ಲವರೂ ಹೌದು. ಅಂಥ ದೈತ್ಯರು ಹಳೇ ಕಾಲದಲ್ಲಿ ಇರಲಿಲ್ಲ. ಉಸಿಕ್ ಕೂಡ ತೀರಾ ಚಿಕ್ಕವರಲ್ಲ. ಎತ್ತರ, ರೀಚ್ ಎರಡರಲ್ಲೂ ಹೆಚ್ಚುಕಡಿಮೆ ಅಲಿಯಷ್ಟೇ ಇದ್ದಾರೆ. ಉಸಿಕ್ ಗೆದ್ದಾಗ ಅಲಿ ಅಭಿಮಾನಿಗಳು ಅಷ್ಟೊಂದು ಖುಷಿಪಟ್ಟದ್ದಕ್ಕೆ ಕಾರಣ ಇದೇ. ಮಾರ್ಸಿಯಾನೊ ಅಭಿಮಾನಿಗಳಿಗೆ ಅದರಿಂದ ಅಷ್ಟೇನೂ ಲಾಭವಿಲ್ಲ.

ಹದಿಮೂರನೇ ರೌಂಡ್ ಎಲ್ಲಿ ಹೋಯಿತು?

ನನ್ನ ಪ್ರಕಾರ ಈ ವಾದದಲ್ಲಿ ಜನ ತೀರಾ ಕಡಿಮೆ ಗಮನ ಕೊಡುವುದು ನಿಯಮಗಳ ಕಡೆಗೆ. ಹೋಲಿಕೆಯ ಫಲಿತಾಂಶವನ್ನೇ ತಿರುಗಿಸಿಬಿಡುವ ಶಕ್ತಿ ಇರುವುದು ಅವಕ್ಕೇ.

1952ರ ಸೆಪ್ಟೆಂಬರ್ 23. ಫಿಲಡೆಲ್ಫಿಯಾ. ಚಾಂಪಿಯನ್ ಜರ್ಸಿ ಜೋ ವಾಲ್ಕಾಟ್ ಎದುರು ಮಾರ್ಸಿಯಾನೊ. ಮೊದಲ ರೌಂಡ್‌ನಲ್ಲೇ ಮಾರ್ಸಿಯಾನೊ ಕೆಳಗೆ ಬಿದ್ದು ಎದ್ದರು. 12 ರೌಂಡ್ ಮುಗಿದಾಗ ಅಂಕ ಕೊಡುವ ಮೂವರು ತೀರ್ಪುಗಾರರ ಸ್ಕೋರ್‌ಕಾರ್ಡ್‌ನಲ್ಲೂ ವಾಲ್ಕಾಟ್ ಮುಂದಿದ್ದರು. ಹದಿಮೂರನೇ ರೌಂಡ್‌ನಲ್ಲಿ ಮಾರ್ಸಿಯಾನೊ ಬಲಗೈಯಿಂದ ಒಂದೇ ಒಂದು ಚಿಕ್ಕ ಪಂಚ್ ಕೊಟ್ಟರು. ವಾಲ್ಕಾಟ್ ಹಗ್ಗಕ್ಕೆ ಜೋತುಬಿದ್ದು ಹಾಗೇ ಕುಸಿದರು. ಹೊಸ ಚಾಂಪಿಯನ್.

ಈಗ ಚಾಂಪಿಯನ್‌ಶಿಪ್ ಫೈಟ್ ನಡೆಯುವುದು 12 ರೌಂಡ್. ಇವತ್ತಿನ ನಿಯಮ ಆವತ್ತು ಇದ್ದಿದ್ದರೆ ಮಾರ್ಸಿಯಾನೊ ಪಾಯಿಂಟ್ಸ್ ಮೇಲೆ ಸೋಲುತ್ತಿದ್ದರು. 49-0 ಅನ್ನುವ ಆ ಪ್ರಸಿದ್ಧ ದಾಖಲೆಯೇ ಇರುತ್ತಿರಲಿಲ್ಲ. 1941ರಲ್ಲಿ ಬಿಲ್ಲಿ ಕಾನ್ ಎದುರು ಜೋ ಲೂಯಿಸ್ ಕೂಡ ಇಂಥದೇ ಸ್ಥಿತಿಯಲ್ಲಿದ್ದರು. 12 ರೌಂಡ್ ಹೊತ್ತಿಗೆ ಎರಡು ಕಾರ್ಡ್‌ನಲ್ಲಿ ಕಾನ್ ಮುಂದೆ, ಒಂದು ಸಮ. ಹದಿಮೂರರಲ್ಲಿ ಲೂಯಿಸ್ ನಾಕೌಟ್ ಮಾಡಿದರು.

15 ರೌಂಡ್ ಹೋಗಿ 12 ಬಂದದ್ದಕ್ಕೆ ಕಾರಣ ಒಂದು ದುರಂತ. 1982ರ ನವೆಂಬರ್‌ನಲ್ಲಿ ಲೈಟ್‌ವೇಟ್ ಫೈಟ್ ಒಂದರ 14ನೇ ರೌಂಡ್‌ನಲ್ಲಿ ರೇ ಮ್ಯಾನ್ಸಿನಿ ಎದುರು ಕುಸಿದ ದಕ್ಷಿಣ ಕೊರಿಯಾದ ಕಿಮ್ ಡುಕ್-ಕೂ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆಮೇಲೆ ಒಂದೊಂದೇ ಸಂಸ್ಥೆ 12 ರೌಂಡ್‌ಗೆ ಇಳಿಯಿತು. ಹಿಂದಕ್ಕೆ ಹೋದರೆ ಇನ್ನೂ ವಿಚಿತ್ರ. 1915ರಲ್ಲಿ ಹವಾನಾದಲ್ಲಿ ಜಾಕ್ ಜಾನ್ಸನ್ ಮತ್ತು ವಿಲ್ಲರ್ಡ್ ನಡುವಿನ ಫೈಟ್ ನಿಗದಿಯಾಗಿದ್ದು 45 ರೌಂಡ್‌ಗೆ! ಅದು 26ನೇ ರೌಂಡ್‌ನಲ್ಲಿ ಮುಗಿಯಿತು. 45 ರೌಂಡ್‌ಗೆ ತಯಾರಾದವನು ಮೊದಲ ಹತ್ತು ರೌಂಡ್ ಸುಸ್ತಾಗದಂತೆ ನಿಧಾನವಾಗಿ ಆಡುತ್ತಾನೆ. ಆ ಹಳೇ ಫಿಲಂ ನೋಡಿ ‘ಏನಿದು, ಬರೀ ತಬ್ಬಿಕೊಂಡೇ ಇದ್ದಾರೆ’ ಅನ್ನುವವರು ಇದನ್ನು ನೆನಪಿಡಬೇಕು.

ಡೆಂಪ್ಸಿ ವಿಲ್ಲರ್ಡ್ ಅವರನ್ನು ಏಳು ಸಲ ಕೆಡವಿದ್ದರಲ್ಲೂ ನಿಯಮದ ಪಾಲಿದೆ. ಆಗ ಎದುರಾಳಿ ಬಿದ್ದರೆ ಪಕ್ಕದಲ್ಲೇ ನಿಂತು, ಅವನು ಮೊಣಕಾಲು ನೆಲದಿಂದ ಎತ್ತುವ ಹೊತ್ತಿಗೆ ಮತ್ತೆ ಬಾರಿಸಬಹುದಿತ್ತು. ಈಗ ಕೆಡವಿದವನು ದೂರದ ಮೂಲೆಗೆ ಹೋಗಿ ನಿಲ್ಲಬೇಕು. ಅಲ್ಲಿಯವರೆಗೆ ರೆಫರಿ ಎಣಿಕೆ ಶುರು ಮಾಡುವುದಿಲ್ಲ. ಹತ್ತು ಎಣಿಸುವುದರೊಳಗೆ ಬಿದ್ದವನು ಏಳದಿದ್ದರೆ ಸೋತಂತೆ. 1927ರಲ್ಲಿ ಶಿಕಾಗೊದಲ್ಲಿ ಜೀನ್ ಟನಿ ಎದುರು ಇದೇ ಹೊಸ ನಿಯಮ ಡೆಂಪ್ಸಿಗೆ ಕೈಕೊಟ್ಟಿತು. ಟನಿ ಬಿದ್ದರು, ಡೆಂಪ್ಸಿ ಹಳೇ ಅಭ್ಯಾಸದಂತೆ ಅಲ್ಲೇ ನಿಂತರು. ರೆಫರಿ ಅವರನ್ನು ಮೂಲೆಗೆ ಕಳಿಸಿ ಎಣಿಸಲು ಶುರು ಮಾಡುವಷ್ಟರಲ್ಲಿ ಹಲವು ಸೆಕೆಂಡು ಕಳೆದಿತ್ತು. ಟನಿ ಒಂಬತ್ತಕ್ಕೆ ಎದ್ದರು, ಕೊನೆಗೆ ಪಾಯಿಂಟ್ಸ್ ಮೇಲೆ ಗೆದ್ದರು. ಅವರು ಕೆಳಗಿದ್ದದ್ದು ಸುಮಾರು 14 ಸೆಕೆಂಡು. ‘ಲಾಂಗ್ ಕೌಂಟ್’ ಅಂತ ಆ ಫೈಟ್ ಇವತ್ತಿಗೂ ಹೆಸರುವಾಸಿ.

ಗಾಯದ ಮಾತೂ ಇದೆ. 1954ರ ಸೆಪ್ಟೆಂಬರ್‌ನಲ್ಲಿ ಎಝರ್ಡ್ ಚಾರ್ಲ್ಸ್ ಎದುರು ಮಾರ್ಸಿಯಾನೊ ಮೂಗು ಎರಡಾಗಿ ಸೀಳಿತ್ತು. ರಕ್ತ ನಿಲ್ಲುತ್ತಿರಲಿಲ್ಲ. ಆದರೂ ಆಡಲು ಬಿಟ್ಟರು, ಎಂಟನೇ ರೌಂಡ್‌ನಲ್ಲಿ ಅವರು ನಾಕೌಟ್ ಮಾಡಿ ಗೆದ್ದರು. ಇವತ್ತಿನ ರಿಂಗ್‌ಸೈಡ್ ಡಾಕ್ಟರ್ ಅಷ್ಟು ಹೊತ್ತು ಕಾಯುವುದು ಅನುಮಾನ. ಇನ್ನು ಗ್ಲೌಸ್: 20ನೇ ಶತಮಾನದ ಶುರುವಿನಲ್ಲಿ 5 ಔನ್ಸ್ ಆಸುಪಾಸು ಇದ್ದದ್ದು, ಈಗ ಹೆವಿವೇಟ್‌ಗಳಿಗೆ 10 ಔನ್ಸ್.

ಹಾಗಂತ ‘12 ರೌಂಡ್ ಆಗಿದ್ದರೆ ಮಾರ್ಸಿಯಾನೊ ಸೋಲುತ್ತಿದ್ದರು’ ಅಂತ ಷರಾ ಬರೆದುಬಿಡುವುದೂ ಸರಿಯಲ್ಲ. 12ಕ್ಕೇ ಮುಗಿಯುತ್ತದೆ ಅಂತ ಮೊದಲೇ ಗೊತ್ತಿದ್ದರೆ ಅವರು ಹತ್ತನೇ ರೌಂಡ್‌ನಿಂದಲೇ ಇನ್ನೂ ಜೋರಾಗಿ ಮೇಲೆ ಬೀಳುತ್ತಿದ್ದರೋ ಏನೋ.

ಅವನು ಇವನನ್ನು ಸೋಲಿಸಿದ, ಹಾಗಾದರೆ...

ಸುಲಭವಾಗಿ ಬಾಯಿಗೆ ಬರುವ ತರ್ಕ ಇದು: ಕ ಖನನ್ನು ಸೋಲಿಸಿದ, ಖ ಗನನ್ನು ಸೋಲಿಸಿದ, ಆದ್ದರಿಂದ ಕ ಗನನ್ನು ಸೋಲಿಸುತ್ತಾನೆ. ಬಾಕ್ಸಿಂಗ್‌ನಲ್ಲಿ ಈ ತರ್ಕ ನಿಲ್ಲುವುದಿಲ್ಲ. 1970ರ ದಶಕವೇ ಇದಕ್ಕೆ ಸಾಕ್ಷಿ.

1971ರ ಮಾರ್ಚ್‌ನಲ್ಲಿ ಜೋ ಫ್ರೇಜಿಯರ್ ಅಲಿಯನ್ನು ಸೋಲಿಸಿದರು. 1973ರ ಜನವರಿಯಲ್ಲಿ ಫೋರ್‌ಮನ್ ಅದೇ ಫ್ರೇಜಿಯರ್ ಅವರನ್ನು ಎರಡು ರೌಂಡ್‌ನಲ್ಲಿ ಆರು ಸಲ ಕೆಡವಿದರು. ಅದೇ ವರ್ಷದ ಮಾರ್ಚ್‌ನಲ್ಲಿ ಕೆನ್ ನಾರ್ಟನ್ ಅಲಿಯ ದವಡೆ ಮುರಿದು ಗೆದ್ದರು. 1974ರಲ್ಲಿ ಫೋರ್‌ಮನ್ ನಾರ್ಟನ್ ಅವರನ್ನೂ ಎರಡೇ ರೌಂಡ್‌ನಲ್ಲಿ ಮುಗಿಸಿದರು. ಅಲಿಯನ್ನು ಸೋಲಿಸಿದ ಇಬ್ಬರನ್ನೂ ಪುಡಿ ಮಾಡಿದ ಮನುಷ್ಯ, ಅಲಿಯನ್ನು ಉಳಿಸುತ್ತಾನಾ? 1974ರ ಅಕ್ಟೋಬರ್ 30ರಂದು ಕಿನ್ಶಾಸಾದಲ್ಲಿ ಅಲಿ ಫೋರ್‌ಮನ್ ಅವರನ್ನು ಎಂಟನೇ ರೌಂಡ್‌ನಲ್ಲಿ ನಾಕೌಟ್ ಮಾಡಿದರು. ಕಲ್ಲು-ಕಾಗದ-ಕತ್ತರಿ ಆಟದ ಹಾಗೆ ಇಲ್ಲಿ ಎಲ್ಲರನ್ನೂ ಗೆಲ್ಲುವ ಒಂದು ಕೈ ಅಂತ ಇಲ್ಲ.

ಕಾರಣ ಆಟದ ಶೈಲಿ. ದೂರ ನಿಂತು ಜ್ಯಾಬ್ ಹಾಕುತ್ತಾ ಕಾಲಿನ ಮೇಲೆ ಆಡುವವರು ಒಂದು ಬಗೆ: ಅಲಿ, ಲ್ಯಾರಿ ಹೋಮ್ಸ್. ತಲೆ ಆಡಿಸುತ್ತಾ ಒಳಗೆ ನುಗ್ಗಿ ಮೇಲಿಂದ ಮೇಲೆ ಬಾರಿಸುವವರು ಇನ್ನೊಂದು: ಮಾರ್ಸಿಯಾನೊ, ಫ್ರೇಜಿಯರ್. ಒಂದೊಂದು ಪಂಚ್‌ನಲ್ಲೂ ಮನೆ ಕೆಡವುವ ಬಲ ಇಟ್ಟವರು ಮೂರನೆಯವರು: ಫೋರ್‌ಮನ್, ಸನ್ನಿ ಲಿಸ್ಟನ್. ಒಳಗೆ ನುಗ್ಗುವವನು ದೂರ ನಿಲ್ಲುವವನಿಗೆ ಉಸಿರಾಡಲು ಬಿಡುವುದಿಲ್ಲ. ಆದರೆ ನೇರವಾಗಿ ಬಲಶಾಲಿಯ ಮುಷ್ಟಿಗೇ ಬಂದು ಸಿಕ್ಕಿಕೊಳ್ಳುತ್ತಾನೆ. ಬಲಶಾಲಿ, ದೂರ ನಿಲ್ಲುವವನನ್ನು ಅಟ್ಟಿಸಿಕೊಂಡು ಹೋಗಿ ಸುಸ್ತಾಗುತ್ತಾನೆ. ಎಲ್ಲರೂ ಈ ಮೂರು ಖಾನೆಗಳಲ್ಲಿ ಕೂರುವುದಿಲ್ಲ ಅನ್ನುವುದು ನಿಜ. ಲೂಯಿಸ್ ಎಲ್ಲಿ ಸೇರುತ್ತಾರೆ ಅಂತಲೇ ಒಂದು ರಾತ್ರಿ ವಾದ ಮಾಡಬಹುದು.

ಯಾರ ಜೊತೆ ಆಡಲು ಬಿಟ್ಟರು?

ಒಬ್ಬರ ದಾಖಲೆ ನೋಡುವಾಗ, ಆಡದೇ ಉಳಿದವರನ್ನೂ ನೋಡಬೇಕು. 1915ರಲ್ಲಿ ಮೊದಲ ಕಪ್ಪು ಹೆವಿವೇಟ್ ಚಾಂಪಿಯನ್ ಜಾಕ್ ಜಾನ್ಸನ್ ಸೋತ ಮೇಲೆ, 1937ರಲ್ಲಿ ಲೂಯಿಸ್ ಬರುವವರೆಗೆ ಒಬ್ಬ ಕಪ್ಪು ಬಾಕ್ಸರ್‌ಗೂ ಹೆವಿವೇಟ್ ಪಟ್ಟಕ್ಕೆ ಆಡುವ ಅವಕಾಶ ಸಿಗಲಿಲ್ಲ. ಹ್ಯಾರಿ ವಿಲ್ಸ್ ವರ್ಷಗಟ್ಟಲೆ ಕಾದರೂ ಡೆಂಪ್ಸಿ ಜೊತೆ ಫೈಟ್ ನಡೆಯಲೇ ಇಲ್ಲ. ಕ್ಯೂಬಾದ ತಿಯೋಫಿಲೊ ಸ್ಟೀವನ್‌ಸನ್ 1972, 1976, 1980ರಲ್ಲಿ ಸತತ ಮೂರು ಒಲಿಂಪಿಕ್ ಚಿನ್ನ ಗೆದ್ದವರು. ತಮ್ಮ ದೇಶದಲ್ಲಿ ವೃತ್ತಿಪರ ಬಾಕ್ಸಿಂಗ್ ನಿಷೇಧ ಇದ್ದದ್ದರಿಂದ ಅಲಿ ಎದುರು ನಿಲ್ಲಲೇ ಇಲ್ಲ. ಸೋವಿಯತ್ ಒಕ್ಕೂಟ ಒಡೆದ ಮೇಲಷ್ಟೇ ಕ್ಲಿಚ್ಕೊ ಸೋದರರು, ಉಸಿಕ್ ಅಂಥವರಿಗೆ ದಾರಿ ತೆರೆಯಿತು. ‘ಆ ಕಾಲ ಚಿನ್ನದಂಥ ಕಾಲ’ ಅನ್ನುವಾಗ ಬಾಗಿಲ ಹೊರಗೆ ನಿಂತವರ ಲೆಕ್ಕ ಸಾಮಾನ್ಯವಾಗಿ ತಪ್ಪಿಹೋಗಿರುತ್ತದೆ.

ಕಂಪ್ಯೂಟರ್ ತೀರ್ಪು ಕೊಟ್ಟಿತ್ತು, ಎರಡು ಸಲ

ಯಂತ್ರವನ್ನೇ ಕೇಳಿಬಿಡೋಣ ಅಂತ ಹೊರಟವರೂ ಇದ್ದಾರೆ. 1967ರಲ್ಲಿ ಅಮೆರಿಕದ ಮರ್ರಿ ವೊರೊನರ್ ಎಂಬವರು ಎಲ್ಲ ಕಾಲದ ಹೆವಿವೇಟ್‌ಗಳ ಮಾಹಿತಿ ಕಂಪ್ಯೂಟರ್‌ಗೆ ಹಾಕಿಸಿ, ಬಂದ ಫಲಿತಾಂಶವನ್ನು ರೇಡಿಯೊದಲ್ಲಿ ಕಾಮೆಂಟರಿ ಮಾಡಿಸಿ ಟೂರ್ನಿಯನ್ನೇ ನಡೆಸಿದರು. ಫೈನಲ್‌ನಲ್ಲಿ ಮಾರ್ಸಿಯಾನೊ ಡೆಂಪ್ಸಿಯನ್ನು ಸೋಲಿಸಿದರು. ಅಲಿ ಕ್ವಾರ್ಟರ್ ಫೈನಲ್‌ನಲ್ಲೇ ಜೇಮ್ಸ್ ಜೆಫ್ರಿಸ್‌ಗೆ ಸೋತರು. ಜೆಫ್ರಿಸ್ 1899ರಲ್ಲಿ ಚಾಂಪಿಯನ್ ಆದವರು! ಅಲಿ ಹತ್ತು ಲಕ್ಷ ಡಾಲರ್‌ಗೆ ಮಾನನಷ್ಟ ಮೊಕದ್ದಮೆ ಹೂಡಿದರು.

ರಾಜಿ ಆದದ್ದು ಮಜವಾಗಿ. ಅಲಿ ಮತ್ತು ಮಾರ್ಸಿಯಾನೊ ಕ್ಯಾಮೆರಾ ಮುಂದೆ ನಿಜವಾಗಿ ರಿಂಗ್‌ಗೆ ಇಳಿಯುವುದು, ಬೇರೆ ಬೇರೆ ಬಗೆಯ ಅಂತ್ಯಗಳನ್ನು ಚಿತ್ರಿಸುವುದು, ಕಂಪ್ಯೂಟರ್ ಹೇಳಿದ್ದನ್ನು ಜೋಡಿಸಿ ತೋರಿಸುವುದು. 1969ರಲ್ಲಿ ಶೂಟಿಂಗ್ ಆಯಿತು. ನಿವೃತ್ತರಾಗಿ 13 ವರ್ಷ ಆಗಿದ್ದ ಮಾರ್ಸಿಯಾನೊ ತೂಕ ಇಳಿಸಿ, ವಿಗ್ ಹಾಕಿಕೊಂಡು ಬಂದರು. ಶೂಟಿಂಗ್ ಮುಗಿದ ಕೆಲವೇ ವಾರಗಳಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. 1970ರ ಜನವರಿಯಲ್ಲಿ ಚಿತ್ರ ತೆರೆಗೆ ಬಂದಾಗ ಅಮೆರಿಕದ ಪ್ರೇಕ್ಷಕರು ಕಂಡದ್ದು 13ನೇ ರೌಂಡ್‌ನಲ್ಲಿ ಮಾರ್ಸಿಯಾನೊ ನಾಕೌಟ್ ಮಾಡುವುದನ್ನು. ಯುರೋಪಿನಲ್ಲಿ ತೋರಿಸಿದ ಪ್ರತಿಯಲ್ಲಿ ಗೆದ್ದದ್ದು ಅಲಿ.

ಇವತ್ತಿನ ಕಂಪ್ಯೂಟರ್‌ಗಳು ಎಷ್ಟೋ ಪಾಲು ಚುರುಕು. ಆದರೂ ಸಮಸ್ಯೆ ಹಾಗೇ ಇದೆ. ಬಲಕ್ಕೆ ಇಷ್ಟು ಅಂಕ, ವೇಗಕ್ಕೆ ಇಷ್ಟು ಅಂಕ ಅಂತ ಕೊಡುವುದು ಮನುಷ್ಯರೇ, ಅಲ್ವಾ? ಚೆಸ್‌ನಲ್ಲಿರುವಂಥ ರೇಟಿಂಗ್ ಪದ್ಧತಿಯೂ ಇಲ್ಲಿ ಪೂರ್ತಿ ಕೆಲಸ ಮಾಡುವುದಿಲ್ಲ. ಅದಕ್ಕೆ ಬೇಕಾದಷ್ಟು ಆಟಗಳು ಬೇಕು. ಈಗಿನ ಹೆವಿವೇಟ್ ಚಾಂಪಿಯನ್ ವರ್ಷಕ್ಕೆ ಒಂದೋ ಎರಡೋ ಸಲ ಆಡುತ್ತಾನೆ.

ನಿಜವಾಗಿಯೂ ಎರಡು ಕಾಲ ಎದುರಾದಾಗ

ಆಗೊಮ್ಮೆ ಈಗೊಮ್ಮೆ ಇದು ಊಹೆಯಲ್ಲದೆ ನಿಜವಾಗಿಯೂ ನಡೆದಿದೆ. 1951ರಲ್ಲಿ 37 ವರ್ಷದ ಲೂಯಿಸ್ ಅವರನ್ನು ಮಾರ್ಸಿಯಾನೊ ನಾಕೌಟ್ ಮಾಡಿದರು. 1980ರಲ್ಲಿ 38ರ ಅಲಿಯನ್ನು ಹೋಮ್ಸ್, 1988ರಲ್ಲಿ 38ರ ಹೋಮ್ಸ್ ಅವರನ್ನು ಟೈಸನ್. ಇವುಗಳಿಂದ ಗೊತ್ತಾಗುವುದು ಒಂದೇ: ಯುವಕ ಮುದುಕನನ್ನು ಸೋಲಿಸುತ್ತಾನೆ.

ಅದನ್ನೂ ಸುಳ್ಳು ಮಾಡಿದವರು ಫೋರ್‌ಮನ್. ಹತ್ತು ವರ್ಷ ರಿಂಗ್ ಬಿಟ್ಟಿದ್ದವರು 1991ರಲ್ಲಿ, 42ನೇ ವಯಸ್ಸಿನಲ್ಲಿ, ಇವಾಂಡರ್ ಹೋಲಿಫೀಲ್ಡ್ ಎದುರು 12 ರೌಂಡ್ ನಿಂತು ಪಾಯಿಂಟ್ಸ್ ಮೇಲೆ ಸೋತರು. 1994ರ ನವೆಂಬರ್‌ನಲ್ಲಿ 45ನೇ ವಯಸ್ಸಿಗೆ 26ರ ಮೈಕಲ್ ಮೂರರ್ ಅವರನ್ನು ಹತ್ತನೇ ರೌಂಡ್‌ನಲ್ಲಿ ನಾಕೌಟ್ ಮಾಡಿ ಮತ್ತೆ ಚಾಂಪಿಯನ್ ಆದರು. ಆವತ್ತು ತೊಟ್ಟಿದ್ದು ಇಪ್ಪತ್ತು ವರ್ಷದ ಹಿಂದೆ ಅಲಿ ಎದುರು ಸೋತಾಗ ತೊಟ್ಟಿದ್ದ ಅದೇ ಕೆಂಪು ಚಡ್ಡಿ. ‘ನೋಡಿ, ಎಪ್ಪತ್ತರ ದಶಕದವರು ಎಷ್ಟು ಗಟ್ಟಿ’ ಅಂತ ಹಳಬರ ಅಭಿಮಾನಿಗಳು ಹೇಳುತ್ತಾರೆ. ಆದರೆ 1974ರಲ್ಲಿ ಸುಮಾರು 100 ಕೆ.ಜಿ. ಇದ್ದ ಫೋರ್‌ಮನ್ ಆಗ 113 ಕೆ.ಜಿ. ಇದ್ದರು, ಆಟವೂ ನಿಧಾನ, ಲೆಕ್ಕಾಚಾರದ್ದು. ಆ ಹತ್ತನೇ ರೌಂಡ್‌ವರೆಗೆ ಮೂರೂ ಕಾರ್ಡ್‌ನಲ್ಲಿ ಮುಂದಿದ್ದದ್ದು ಮೂರರ್. ಒಂದು ಬಲಗೈ ಪಂಚ್‌ನಿಂದ ಇಡೀ ದಶಕಕ್ಕೆ ತೀರ್ಪು ಬರೆಯುವುದು ಸ್ವಲ್ಪ ಜಾಸ್ತಿಯಾಯಿತು.

ಹಾಗಾದರೆ ಅಲಿ-ಟೈಸನ್?

ಎಲ್ಲರೂ ಕೇಳುವ ಜೋಡಿ ಇದು. ಮೇಲೆ ಹೇಳಿದ ಕ್ರಮದಲ್ಲೇ ನೋಡೋಣ. 1966ರ ನವೆಂಬರ್‌ನ ಅಲಿ, 1988ರ ಜೂನ್‌ನ ಟೈಸನ್. ಇಬ್ಬರನ್ನೂ ಇದ್ದಂತೆಯೇ ತರುವುದು, ಇವತ್ತಿನ 12 ರೌಂಡ್ ನಿಯಮ.

ತೂಕದಲ್ಲಿ ಇಬ್ಬರೂ ಹತ್ತಿರ ಹತ್ತಿರ. ಎತ್ತರದಲ್ಲಿ ಅಲಿ ಐದು ಇಂಚು ಹೆಚ್ಚು. ಅಲಿಗೆ ಜೀವನವಿಡೀ ಕಾಟ ಕೊಟ್ಟ ಪಂಚ್ ಎಡಗೈ ಹುಕ್, ಅಂದರೆ ಪಕ್ಕದಿಂದ ಬಳಸಿ ಬರುವ ಏಟು. 1963ರಲ್ಲಿ ಹೆನ್ರಿ ಕೂಪರ್, 1971ರಲ್ಲಿ ಫ್ರೇಜಿಯರ್ ಅಲಿಯನ್ನು ಕೆಡವಿದ್ದು ಅದರಿಂದಲೇ. ಟೈಸನ್ ಅವರ ಎಡಗೈ ಹುಕ್ ಆ ಇಬ್ಬರಿಗಿಂತ ಬೇಗ ಬರುತ್ತಿತ್ತು. ಅದೇ ಟೈಸನ್‌ಗೆ ಕಷ್ಟ ಆದದ್ದು ಎತ್ತರದ, ಹೆದರದ, ಹತ್ತಿರ ಬಂದ ತಕ್ಷಣ ಹಿಡಿದುಕೊಳ್ಳುವ ಬಾಕ್ಸರ್‌ಗಳ ಜೊತೆ. 1987ರಲ್ಲಿ ಜೇಮ್ಸ್ ‘ಬೋನ್‌ಕ್ರಷರ್’ ಸ್ಮಿತ್ ಬರೀ ತಬ್ಬಿಕೊಂಡೇ 12 ರೌಂಡ್ ಮುಗಿಸಿದ್ದರು. ಅಲಿ ಕೂಡ ಎಡಗೈಯಿಂದ ಎದುರಾಳಿಯ ಕುತ್ತಿಗೆ ಹಿಡಿದು ಬಗ್ಗಿಸುವುದರಲ್ಲಿ ನಿಸ್ಸೀಮರು. ನಿಯಮದ ಪ್ರಕಾರ ಅದು ತಪ್ಪು. ರೆಫರಿ ಕಂಡೂ ಕಾಣದಂತೆ ಬಿಟ್ಟರೆ ಟೈಸನ್ ಒಳಗೆ ಬಂದೂ ಪ್ರಯೋಜನವಿಲ್ಲ. ಎರಡು ಸಲ ಎಚ್ಚರಿಸಿ ಪಾಯಿಂಟ್ ಕಿತ್ತುಕೊಂಡರೆ ಅಲಿ ಕಾಲಿನ ಮೇಲೆಯೇ ಬದುಕಬೇಕು.

1966ರಲ್ಲಿ ಆ ಕಾಲುಗಳು 12 ರೌಂಡ್ ಓಡಬಲ್ಲವಾಗಿದ್ದವು. ಹಾಗಾಗಿ ನನ್ನ ಓಟು ಅಲಿಗೆ, ಪಾಯಿಂಟ್ಸ್ ಮೇಲೆ, ಒಂದು ಸಲವಾದರೂ ಬಿದ್ದೆದ್ದು. 1974ರ ಅಲಿ ಅಂದರೆ ಮಾತ್ರ ಮೊದಲ ನಾಲ್ಕು ರೌಂಡ್ ನೋಡದೆ ಓಟು ಹಾಕುವುದಿಲ್ಲ.